ಸೀಸದ ಗುಂಡಿನ ಯಂತ್ರ: ತರಿಸುವ ಮುನ್ನ ಕಾನೂನು ಓದಿ

ಹೊಸೂರು: ಮನೆಯಲ್ಲಿ ಬಂದೂಕಿಲ್ಲ. ಮದ್ದಿಲ್ಲ. ಹುಡುಕಿದರೂ ಒಂದು ಗುಂಡು ಸಿಗುವುದಿಲ್ಲ. ಇರುವುದು ಮೇಜಿಗೆ ಬೋಲ್ಟ್ ಹಾಕಿ ಕೂರಿಸುವ, ಕೈಹಿಡಿ ಎಳೆದರೆ ಮೇಲೆ ಕೆಳಗೆ ಆಡುವ ಒಂದು ಕಬ್ಬಿಣದ ಯಂತ್ರ ಮಾತ್ರ. ನೋಡಿದರೆ ಚಕ್ಕುಲಿ ಒರಳಿನ ಅಣ್ಣನಂತಿದೆ. ಆದರೂ ಪೊಲೀಸರು ಅದನ್ನು ವಶಪಡಿಸಿಕೊಂಡು ಕೇಸು ಹಾಕಬಹುದು. ಏಕೆಂದರೆ 1959ರ ಆಯುಧ ಕಾಯ್ದೆಯಲ್ಲಿ ‘ಮದ್ದುಗುಂಡು’ ಅಂದರೆ ಏನು ಅಂತ ವಿವರಿಸುವ ಕಡೆ, ಮದ್ದುಗುಂಡು ತಯಾರಿಸುವ ಯಂತ್ರವನ್ನೂ ಸೇರಿಸಿಯೇ ಹೇಳಲಾಗಿದೆ.

ಸೀಸ ಕರಗಿಸಿ ಮನೆಯಲ್ಲೇ ಎರಕ ಹೊಯ್ದ ಗುಂಡುಗಳನ್ನು ಒಂದೇ ಅಳತೆಗೆ ತಂದು, ಮೈಗೆ ಜಿಡ್ಡು ತುಂಬುವ ಯಂತ್ರ ಇದು. ಅಮೆರಿಕದಲ್ಲಿ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಸಾಮಾನು. ಹೊಸೂರು, ತಳಿ, ಕೆಲಮಂಗಲ, ಬಾಗಲೂರು ಕಡೆಯ ಕನ್ನಡ ಮನೆಗಳಲ್ಲಿ ಈಗ ಮಕ್ಕಳೋ ಅಳಿಯಂದಿರೋ ಅಮೆರಿಕದಲ್ಲಿರುವುದು ಹೊಸ ಸಂಗತಿಯಲ್ಲ. ಅಲ್ಲಿ ವಾರದ ಕೊನೆಗೆ ಗುರಿ ಹೊಡೆಯುವ ಮೈದಾನಕ್ಕೆ ಹೋಗುವುದು ಹಲವರಿಗೆ ಹವ್ಯಾಸ. ಇಲ್ಲಿ ನೋಡಿದರೆ ರಾಗಿ ಹೊಲಕ್ಕೆ ಹಂದಿ ಕಾಟ, ಅಟ್ಟದ ಮೇಲೆ ತಾತನ ಕಾಲದ ಕೇಪಿನ ಕೋವಿ. ಈ ಎರಡೂ ಒಂದೇ ಮನೆಯಲ್ಲಿ ಸೇರಿದಾಗ ‘ರಜಕ್ಕೆ ಬರುವಾಗ ಪೆಟ್ಟಿಗೆಯಲ್ಲಿ ಅಂಥದ್ದೊಂದು ಹಾಕಿಕೊಂಡು ಬಾ’ ಅನ್ನುವ ಮಾತು ಬಾಯಿಗೆ ಬರುವುದು ಸುಲಭ. ಯಾವುದು ಒಳ್ಳೆಯ ಯಂತ್ರ, ಯಾವುದು ಅಗ್ಗ ಅನ್ನುವ ಲೆಕ್ಕಾಚಾರ ಆಮೇಲಿನದು. ಮೊದಲು ಆ ಯಂತ್ರ ಯಾವ ಕೋವಿಗೆ ಬೇಕು, ನಮ್ಮ ಕಡೆಯ ಕೋವಿಗೆ ಬೇಕೋ ಬೇಡವೋ ಅನ್ನುವುದನ್ನು ನೋಡಬೇಕು.

ಯಂತ್ರ ಮಾಡುವ ಕೆಲಸ ಏನು?

ಅಚ್ಚಿನಲ್ಲಿ ಹೊಯ್ದ ಸೀಸದ ಗುಂಡು ನೋಡುವುದಕ್ಕೆ ದುಂಡಗಿದ್ದರೂ ಅಳತೆಗೆ ಇಟ್ಟಾಗ ಒಂದೊಂದೂ ಒಂದೊಂದು ತರ. ಸೀಸದಲ್ಲಿ ಬೆರೆತ ತವರ, ಆಂಟಿಮನಿ ಎಷ್ಟು, ಅಚ್ಚು ಎಷ್ಟು ಬಿಸಿಯಾಗಿತ್ತು, ಎರಡು ಹೋಳು ಸರಿಯಾಗಿ ಕೂಡಿತ್ತಾ ಇಲ್ಲವಾ ಎನ್ನುವುದರ ಮೇಲೆ ಗಾತ್ರ ಹೆಚ್ಚುಕಡಿಮೆ ಆಗುತ್ತದೆ. ವ್ಯತ್ಯಾಸ ಇಂಚಿನ ಸಾವಿರದಲ್ಲಿ ಒಂದೆರಡು ಪಾಲು ಇರಬಹುದು. ಹೊಸೂರಿನ ಲೇತ್ ಕೆಲಸದವರು ‘ಥೌ’ ಅನ್ನುವ ಅಳತೆ ಅದು. ಅಷ್ಟಕ್ಕೆ ಏನಾಗುತ್ತೆ ಅಂತ ಕೇಳಬಹುದು. ರೈಫಲ್, ರಿವಾಲ್ವರ್‌ಗಳ ನಳಿಗೆಯ ಒಳಗೆ ತಿರುಪಿನಂತೆ ಸುತ್ತಿದ ಗೀರುಗಳಿರುತ್ತವೆ. ಗುಂಡು ಆ ಗೀರುಗಳನ್ನು ಬಿಗಿಯಾಗಿ ಹಿಡಿದುಕೊಂಡು ತಿರುಗುತ್ತಾ ಹೋಗಬೇಕು. ಸಣ್ಣದಾದರೆ ಸುತ್ತಲಿಂದ ಬಿಸಿ ಗಾಳಿ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಮೆತ್ತುತ್ತದೆ. ದೊಡ್ಡದಾದರೆ ತೋಟಾ ಸರಿಯಾಗಿ ಒಳಗೆ ಕೂರುವುದಿಲ್ಲ.

ಅದಕ್ಕೇ ಗುಂಡನ್ನು ಉಕ್ಕಿನ ಒಂದು ತೂತಿನ ಮೂಲಕ ತಳ್ಳಿ ಮೈ ಸಮ ಮಾಡುತ್ತಾರೆ. ತೂತಿರುವ ಆ ತುಂಡಿಗೆ ಡೈ ಅನ್ನುತ್ತಾರೆ. ನಳಿಗೆಯ ಗೀರಿನ ಅಳತೆಗಿಂತ ಸುಮಾರು ಒಂದು ಥೌ ದಪ್ಪ ಇರಲಿ ಅನ್ನುವುದು ವಾಡಿಕೆ. 38 ಸ್ಪೆಷಲ್ ಅನ್ನುವ ರಿವಾಲ್ವರಿಗೆ ನಳಿಗೆ 0.357 ಇಂಚು ಇದ್ದರೆ ಗುಂಡು 0.358 ಇಂಚು.

ಜಿಡ್ಡಿನದು ಇನ್ನೊಂದು ಕಥೆ. ಗುಂಡಿನ ಮೈ ಸುತ್ತ ಬಳೆಯಂಥ ಗೀರು ಬಿಟ್ಟಿರುತ್ತಾರೆ. ಜೇನುಮೇಣಕ್ಕೆ ಗ್ರೀಸಿನಂಥ ಎಣ್ಣೆ ಪದಾರ್ಥ ಸೇರಿಸಿ ಮಾಡಿದ ಕಡ್ಡಿಯನ್ನು ಯಂತ್ರದ ಪಕ್ಕದ ಕೊಳವೆಯಲ್ಲಿ ಇಟ್ಟು ತಿರುಪು ಬಿಗಿದರೆ, ಡೈಯಲ್ಲಿರುವ ಸಣ್ಣ ತೂತುಗಳಿಂದ ಆ ಜಿಡ್ಡು ಗುಂಡಿನ ಬಳೆಗೆ ತುಂಬಿಕೊಳ್ಳುತ್ತದೆ. ಸೀಸ ನಳಿಗೆಗೆ ಅಂಟದಿರಲಿ ಅಂತ ಈ ಏರ್ಪಾಡು. ಗುಂಡಿಗೆ ಜಿಡ್ಡು ಅಂದ ಕೂಡಲೇ ಶಾಲೆಯಲ್ಲಿ ಓದಿದ 1857 ನೆನಪಾಗದೆ ಇರದು. ಎನ್‌ಫೀಲ್ಡ್ ಕೋವಿಯ ಕಾಗದದ ತೋಟಾಗೆ ಹಚ್ಚಿದ್ದ ಕೊಬ್ಬು ಯಾವ ಪ್ರಾಣಿಯದು ಅನ್ನುವ ಸುದ್ದಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಎಲ್ಲರಿಗೂ ಗೊತ್ತು. ಅಲ್ಲೂ ಜಿಡ್ಡಿನ ಕೆಲಸ ಹೆಚ್ಚುಕಡಿಮೆ ಇದೇ ಆಗಿತ್ತು.

ಅಲ್ಲಿಯವರು ಆರಿಸುವುದು ಹೇಗೆ?

ಅಮೆರಿಕದ ಹವ್ಯಾಸಿಗಳ ಮುಂದೆ ಮುಖ್ಯವಾಗಿ ಮೂರು ದಾರಿ ಇದೆ. ಅತಿ ಅಗ್ಗದ್ದು ಬರೀ ಡೈ. ತೋಟಾ ತುಂಬುವ ಪ್ರೆಸ್ ಆಗಲೇ ಮನೆಯಲ್ಲಿದ್ದರೆ ಅದರ ತಲೆಗೆ ಇದನ್ನು ತಿರುಗಿಸಿ ಕೂರಿಸಿ, ಕೆಳಗಿನಿಂದ ಗುಂಡು ತಳ್ಳಿದರೆ ಮೇಲಿನ ಡಬ್ಬಿಗೆ ಬಂದು ಬೀಳುತ್ತದೆ. ಲೀ ಕಂಪನಿಯದು ಇದರಲ್ಲಿ ಹೆಸರುವಾಸಿ. ಜಿಡ್ಡನ್ನು ಮಾತ್ರ ಬೇರೆಯಾಗಿ ಹಚ್ಚಿಕೊಳ್ಳಬೇಕು. ಗುಂಡುಗಳನ್ನು ಡಬ್ಬಿಗೆ ಹಾಕಿ ದ್ರವ ಜಿಡ್ಡು ಸುರಿದು, ಕಡಲೆಕಾಯಿಗೆ ಉಪ್ಪುನೀರು ಹಿಡಿಸಿದ ಹಾಗೆ ಕುಲುಕಿ ಒಣಗಿಸುತ್ತಾರೆ.

ಎರಡನೆಯದು ಅಳತೆ ಮತ್ತು ಜಿಡ್ಡು ಎರಡನ್ನೂ ಒಂದೇ ಎಳೆತದಲ್ಲಿ ಮುಗಿಸುವ ಯಂತ್ರ. 1878ರಲ್ಲಿ ಶುರುವಾದ ಲೈಮನ್ ಕಂಪನಿಯ 450, ಆಮೇಲಿನ 4500, ಆರ್‌ಸಿಬಿಎಸ್‌ನ ಲೂಬ್-ಎ-ಮ್ಯಾಟಿಕ್ ಈ ಜಾತಿಯವು. ಗಟ್ಟಿಮುಟ್ಟು. ಆದರೆ ನಿಧಾನ. ಗುಂಡನ್ನು ಮೇಲಿನಿಂದ ಒತ್ತುವ ಮೂತಿ ತುಂಡು ಗುಂಡಿನ ಆಕಾರಕ್ಕೆ ಸರಿಹೊಂದಬೇಕು, ಇಲ್ಲದಿದ್ದರೆ ತುದಿ ಚಪ್ಪಟೆಯಾಗುತ್ತದೆ ಅಥವಾ ಗುಂಡು ಓರೆಯಾಗಿ ಇಳಿಯುತ್ತದೆ. ಗಟ್ಟಿ ಜಿಡ್ಡು ಬಳಸುವವರು ಯಂತ್ರದ ಬುಡಕ್ಕೆ ಕಾಯಿಸುವ ಹಲಗೆಯನ್ನೂ ಕೊಳ್ಳಬೇಕು.

ಮೂರನೆಯದು ಸ್ಟಾರ್ ಅನ್ನುವ ಹೆಸರಿನದು. ಗುಂಡು ತಲೆ ಕೆಳಗಾಗಿ ಹೋಗಿ, ಹಿಂದಿನದನ್ನು ಮುಂದಿನದು ತಳ್ಳುತ್ತಾ ಬುಡದಿಂದ ಉದುರುತ್ತದೆ. ಮೂತಿ ತುಂಡಿನ ರಗಳೆ ಇಲ್ಲ, ವೇಗ ಜಾಸ್ತಿ, ಬೆಲೆಯೂ ಜಾಸ್ತಿ. ಒಂದೇ ಅಳತೆಯ ಗುಂಡನ್ನು ಸಾವಿರಗಟ್ಟಲೆ ಮಾಡುವವರಿಗೆ ಇದು ಸರಿ. ಹತ್ತು ಬಗೆಯ ಕೋವಿಗೆ ಐವತ್ತೈವತ್ತು ಮಾಡಿಕೊಳ್ಳುವವರಿಗೆ ಮೊದಲಿನ ಅಗ್ಗದ ಡೈಯೇ ಸಾಕು. ಇತ್ತೀಚಿನ ವರ್ಷಗಳಲ್ಲಿ ಗುಂಡಿಗೆ ಬಣ್ಣದ ಪುಡಿ ಹಚ್ಚಿ ಓವನ್ನಿನಲ್ಲಿ ಬೇಯಿಸುವ ರೂಢಿ ಬಂದಿದೆ. ಗೇಟು, ಕಿಟಕಿ ಸರಳಿಗೆ ಪೌಡರ್ ಕೋಟಿಂಗ್ ಮಾಡುತ್ತಾರಲ್ಲ, ಅದೇ. ಅದಾದ ಮೇಲೆ ಜಿಡ್ಡಿನ ಯಂತ್ರ ಬೇಕೇ ಆಗಿಲ್ಲ, ಡೈಯೊಂದಿದ್ದರೆ ನಡೆಯುತ್ತದೆ ಅನ್ನುವವರು ಅಲ್ಲೇ ಹೆಚ್ಚಾಗಿದ್ದಾರೆ. ಅನುಭವಸ್ಥರು ಹೇಳುವ ಇನ್ನೊಂದು ಮಾತು ಯಂತ್ರ ಮಾರುವವರಿಗೆ ಹಿಡಿಸದು: ಮೊದಲು ನಳಿಗೆಯ ಒಳ ಅಳತೆ ತೆಗೆಯಿರಿ, ಅಚ್ಚಿನಿಂದ ಬಿದ್ದ ಗುಂಡು ಆಗಲೇ ಸರಿಯಿದ್ದರೆ ಯಂತ್ರದ ಗೊಡವೆಯೇ ಬೇಡ.

ಅಲ್ಲಿ ಸ್ವಂತ ಬಳಕೆಗೆ ಗುಂಡು ತಯಾರಿಸಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ, ಮಾರುವವರಿಗೆ ಬೇಕು. ಆದ್ದರಿಂದ ಅಲ್ಲಿಯ ಅಳಿಯನಿಗೆ ಇದು ಅಡುಗೆ ಮನೆಯ ಮಿಕ್ಸಿ ಕೊಂಡಷ್ಟೇ ಸಲೀಸು. ಅವನಿಗೆ ಇಲ್ಲಿಯ ಕಾನೂನು ಗೊತ್ತಿರಬೇಕೆಂದಿಲ್ಲ. ಗೊತ್ತಿರಬೇಕಾದವರು ತರಿಸುವ ನಾವು.

ಕೇಪಿನ ಕೋವಿಗೆ ಇದು ಬೇಡವೇ ಬೇಡ

ಕಾಡಂಚಿನ ಹಳ್ಳಿಗಳಲ್ಲಿ ಬೆಳೆ ಕಾಯಲೆಂದು ಲೈಸೆನ್ಸ್ ಕೊಡುವ ಕೋವಿ ಸಾಮಾನ್ಯವಾಗಿ ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯದು. ಕಾಯ್ದೆಯ 13ನೇ ಕಲಮಿನಲ್ಲೇ ನಿಜವಾದ ಬೆಳೆ ರಕ್ಷಣೆಗೆ ಇಂಥ ಕೋವಿ ಅಂತ ಬರೆದಿದೆ. ಅದು ಸಾಲದು ಅಂತ ಅಧಿಕಾರಿಗೆ ಅನ್ನಿಸಿದರೆ ಮಾತ್ರ ಬೇರೆ ನುಣುಪು ನಳಿಗೆಯ ಬಂದೂಕಿಗೆ ಅನುಮತಿ ಕೊಡಬಹುದು. ಎರಡರ ನಳಿಗೆಯೂ ನುಣುಪು. ಒಳಗೆ ತಿರುಪಿನ ಗೀರಿಲ್ಲ. ಗೀರೇ ಇಲ್ಲದ ಮೇಲೆ ಗುಂಡು ಅದನ್ನು ಹಿಡಿಯುವ ಮಾತೇ ಇಲ್ಲ. ಕೇಪಿನ ಕೋವಿಗೆ ಹಾಕುವುದು ಹೆಚ್ಚಾಗಿ ಚರೆ. ಒಂಟಿ ಗುಂಡಾದರೂ ನಳಿಗೆಗಿಂತ ಸಣ್ಣದೇ ಇರಬೇಕು, ಇಲ್ಲದಿದ್ದರೆ ಬಾಯಿಯಿಂದ ಗಜ ಹಾಕಿ ಇಳಿಸುವುದಕ್ಕೇ ಆಗುವುದಿಲ್ಲ. ಗುಂಡಿಗೂ ನಳಿಗೆಗೂ ನಡುವಿನ ಸಂದನ್ನು ಬಟ್ಟೆಯೋ ನಾರೋ ತುಂಬುತ್ತದೆ. ಅಂದರೆ ಒಂದು ಥೌ ಅಳತೆ ಹಿಡಿಯುವ ಯಂತ್ರಕ್ಕೆ ಇಲ್ಲಿ ಕೆಲಸವೇ ಇಲ್ಲ. ಎತ್ತಿನ ಗಾಡಿಗೆ ವೀಲ್ ಅಲೈನ್‌ಮೆಂಟ್ ಮಾಡಿಸಿದ ಹಾಗೆ.

ಇನ್ನು ಲೈಸೆನ್ಸ್ ಇರುವ ರೈಫಲ್, ರಿವಾಲ್ವರ್‌ನವರ ವಿಚಾರ. ನಮ್ಮಲ್ಲಿ 315 ರೈಫಲ್, 32 ರಿವಾಲ್ವರ್, 12 ಬೋರ್ ಬಂದೂಕು ಇಟ್ಟುಕೊಂಡವರು ಕಾರ್ಖಾನೆಯ ತೋಟಾವನ್ನು ಲೈಸೆನ್ಸ್ ಪುಸ್ತಕದಲ್ಲಿ ಬರೆಸಿ, ಲೈಸೆನ್ಸ್ ಇರುವ ಅಂಗಡಿಯಿಂದಲೇ ಕೊಳ್ಳಬೇಕು. ಹಿಂದಿನ ಆರ್ಡನೆನ್ಸ್ ಫ್ಯಾಕ್ಟರಿ ಮಂಡಳಿ 2021ರ ಅಕ್ಟೋಬರ್ 1ರಿಂದ 7 ಕಂಪನಿಗಳಾಗಿ ಒಡೆದ ಮೇಲೆ, ತೋಟಾ ಮಾಡುವ ಪುಣೆ ಬಳಿಯ ಖಡ್ಕಿ ಕಾರ್ಖಾನೆ ಮ್ಯುನಿಷನ್ಸ್ ಇಂಡಿಯಾ ಅನ್ನುವ ಸರ್ಕಾರಿ ಕಂಪನಿಗೆ ಸೇರಿದೆ. ಎಷ್ಟು ಕೊಂಡಿರಿ, ಎಷ್ಟು ಉಳಿಯಿತು ಅನ್ನುವ ಲೆಕ್ಕ ಪುಸ್ತಕದಲ್ಲಿರುತ್ತದೆ. ಮನೆಯಲ್ಲಿ ಹೊಯ್ದ ಗುಂಡು ಆ ಲೆಕ್ಕದ ಹೊರಗಿನದು. ಅಲ್ಲೇ ತಾಪತ್ರಯ.

ಕಲಮುಗಳು ಏನನ್ನುತ್ತವೆ?

ಕಾಯ್ದೆಯ 2ನೇ ಕಲಮಿನಲ್ಲಿ ಮದ್ದುಗುಂಡು ಅನ್ನುವ ಪದದ ಅರ್ಥ ಉದ್ದಕ್ಕೆ ಹರಡಿದೆ. ರಾಕೆಟ್, ಬಾಂಬು, ಕೋವಿಗೆ ತುಂಬುವ ಮದ್ದು ಎಲ್ಲ ಹೇಳಿ, ಮದ್ದುಗುಂಡಿನ ಬಿಡಿಭಾಗ ಹಾಗೂ ಅದನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿದ್ದಾರೆ. 3ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. 5ನೇ ಕಲಮಿನ ಪ್ರಕಾರ ತಯಾರಿಸುವಂತಿಲ್ಲ, ಮಾರುವಂತಿಲ್ಲ. 10ನೇ ಕಲಮಿನ ಪ್ರಕಾರ ಹೊರದೇಶದಿಂದ ತರುವಂತಿಲ್ಲ. ಮೂರಕ್ಕೂ ಬೇರೆ ಬೇರೆ ಲೈಸೆನ್ಸ್. ಬೆಳೆ ಕಾಯುವ ಕೋವಿಗೆ ಕೊಟ್ಟ ಲೈಸೆನ್ಸ್ ಗುಂಡು ತಯಾರಿಕೆಗೆ ಕೊಟ್ಟ ಲೈಸೆನ್ಸ್ ಅಲ್ಲ. ‘ನಮ್ಮ ಹತ್ರ ಲೈಸೆನ್ಸ್ ಇದೆಯಲ್ಲಾ’ ಅನ್ನುವವರು ಎಡವುವುದು ಇಲ್ಲೇ.

ಶಿಕ್ಷೆ 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಇನ್ನೂ ಬಿಗಿಯಾಯಿತು. ಲೈಸೆನ್ಸ್ ಇಲ್ಲದೆ ತಯಾರಿಸಿದರೆ ಅಥವಾ ಮಾರಿದರೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ. ಅದಕ್ಕೂ ಮುಂಚೆ ಕನಿಷ್ಠ 3 ವರ್ಷ ಇತ್ತು. ಸುಮ್ಮನೆ ಇಟ್ಟುಕೊಂಡಿದ್ದಕ್ಕೆ ಕನಿಷ್ಠ 2 ವರ್ಷ, 5 ವರ್ಷದ ತನಕ. ಹೊಸೂರಿನ ಮಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿದು ಪೆಟ್ಟಿಗೆ ಬಿಚ್ಚಿ ತೋರಿಸುವಾಗ ಕಸ್ಟಮ್ಸ್‌ನವರ ಕೈಗೆ ಸಿಗುವುದು ಡೈಯ ಪೊಟ್ಟಣ. ಅದರ ಮೇಲೆ ಇಂಥ ಕೋವಿಯ ಇಂಥ ಅಳತೆ ಅಂತ ಅಚ್ಚಾಗಿರುತ್ತದೆ. ಉಪ್ಪಿನಕಾಯಿ ಭರಣಿ ಅಂತ ಹೇಳಿ ದಾಟಿಸುವ ಮಾಲಲ್ಲ.

ಒಬ್ಬ ಬುದ್ಧಿವಂತ ವಕೀಲರು ವಾದ ಮಾಡಬಹುದು. ಇದು ಬರೀ ಲೋಹ ಒತ್ತುವ ಯಂತ್ರ, ಕಾಯ್ದೆಯ 45ನೇ ಕಲಮಿನಲ್ಲಿ ಸಣ್ಣಪುಟ್ಟ ಬಿಡಿಭಾಗಕ್ಕೆ ವಿನಾಯಿತಿ ಇದೆ ಅನ್ನಬಹುದು. ಆ ವಿನಾಯಿತಿ ಇರುವುದು ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದವರಿಗೆ. ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವ ಹೊತ್ತಿಗೆ ಹುಡುಗನ ಪಾಸ್‌ಪೋರ್ಟು ಎಲ್ಲಿರುತ್ತೆ, ಕೆಲಸ ಎಲ್ಲಿರುತ್ತೆ ಅಂತ ಮನೆಯವರೇ ಲೆಕ್ಕ ಹಾಕಬೇಕು.

ಲೇತ್ ಅಂಗಡಿಗೂ ಬಿಸಿ

ಈ ಮಾತು ಹೊಸೂರಿಗೆ ಇನ್ನೊಂದು ಕಾರಣಕ್ಕೆ ಮುಖ್ಯ. ಯಂತ್ರವನ್ನು ಹೊರಗಿನಿಂದ ತರಿಸುವುದೇಕೆ, ಇಲ್ಲೇ ಮಾಡಿಸಬಹುದಲ್ಲ ಅನ್ನಿಸುವ ಊರು ಇದು. ಸಿಪ್‌ಕಾಟ್, ಸಿಡ್ಕೋ ಸುತ್ತಮುತ್ತ ಜಾಬ್‌ವರ್ಕ್ ಮಾಡುವ ಲೇತ್ ಶೆಡ್ಡುಗಳಿಗೆ ಬರವಿಲ್ಲ. ವಾಹನದ ಬಿಡಿಭಾಗಕ್ಕೆ ಮೈಕ್ರಾನ್ ಲೆಕ್ಕದಲ್ಲಿ ತೂತು ಹೊಡೆಯುವ ಕೈಗಳಿಗೆ ಒಂದು ಡೈ ಕೊರೆದು ಹೋನಿಂಗ್ ಮಾಡಿ ಕೊಡುವುದು ದೊಡ್ಡ ಕೆಲಸವಲ್ಲ. ಒಂದು ಚೀಟಿಯಲ್ಲಿ ಒಳ ಅಳತೆ, ಹೊರ ಅಳತೆ, ಉದ್ದ ಬರೆದು ತಂದವನಿಗೆ ‘ಯಾತಕ್ಕಪ್ಪಾ ಇದು’ ಅಂತ ಕೇಳುವ ಪದ್ಧತಿಯೂ ನಮ್ಮಲ್ಲಿ ಕಡಿಮೆ. ಡ್ರಾಯಿಂಗ್ ಬಂತು, ಮಾಲು ಹೋಯಿತು, ದುಡ್ಡು ಬಂತು.

ಆದರೆ 5ನೇ ಕಲಮು ತಯಾರಿಸಿದವನ ಮೇಲೂ ಬೀಳುತ್ತದೆ. ಗೊತ್ತಿಲ್ಲದೆ ಮಾಡಿದೆ ಅನ್ನುವುದು ಕೊನೆಗೆ ನಿಲ್ಲಬಹುದು, ಆದರೆ ಅಲ್ಲಿಯವರೆಗೆ ಶೆಡ್ಡಿನ ಶಟರ್ ಯಾರು ಎತ್ತಬೇಕು? ಬ್ಯಾಂಕ್ ಸಾಲದ ಕಂತು ನಿಲ್ಲುತ್ತದೆಯೇ? ಗುರುತಿಲ್ಲದವರು ಬಿಲ್ ಬೇಡ ಅಂತ ತಂದ ಡ್ರಾಯಿಂಗಿಗೆ ಎರಡು ಪ್ರಶ್ನೆ ಕೇಳಿ, ಯಾವ ಯಂತ್ರದ ಭಾಗ ಅಂತ ಆರ್ಡರಿನ ಮೇಲೆ ಬರೆಸಿಕೊಂಡು, ಬಿಲ್ ಹಾಕಿಯೇ ಮಾಲು ಕೊಟ್ಟರೆ ಶೆಡ್ಡಿನವರ ಕಡೆ ಕಾಗದವಾದರೂ ಇರುತ್ತದೆ.

ಅಭಯಾರಣ್ಯದ 10 ಕಿ.ಮೀ.

ಗಡಿ ಭಾಗದವರು ನೆನಪಿಡಬೇಕಾದ ಇನ್ನೊಂದು ಕಾನೂನು 1972ರ ವನ್ಯಜೀವಿ ರಕ್ಷಣಾ ಕಾಯ್ದೆ. ಅದರ 34ನೇ ಕಲಮಿನ ಪ್ರಕಾರ ಒಂದು ಕಾಡನ್ನು ಅಭಯಾರಣ್ಯ ಅಂತ ಘೋಷಿಸಿದ 3 ತಿಂಗಳೊಳಗೆ, ಅದರ ಒಳಗೆ ಅಥವಾ 10 ಕಿ.ಮೀ. ಸುತ್ತಳತೆಯಲ್ಲಿರುವ ಕೋವಿ ಲೈಸೆನ್ಸ್‌ದಾರರು ಮುಖ್ಯ ವನ್ಯಜೀವಿ ವಾರ್ಡನ್ ಬಳಿ ಹೆಸರು ನೋಂದಾಯಿಸಲು ಅರ್ಜಿ ಹಾಕಬೇಕು. ಹೊಸ ಲೈಸೆನ್ಸ್ ಕೊಡಲೂ ಅವರ ಒಪ್ಪಿಗೆ ಬೇಕು. ಕಾವೇರಿ ಉತ್ತರ ಅಭಯಾರಣ್ಯ 2014ರಲ್ಲಿ ಆಯಿತು. ಕೃಷ್ಣಗಿರಿ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಹರಡಿದ ಕಾವೇರಿ ದಕ್ಷಿಣ ಅಭಯಾರಣ್ಯ 2022ರ ನವೆಂಬರ್‌ನಲ್ಲಿ ಘೋಷಣೆಯಾಯಿತು, ವಿಸ್ತೀರ್ಣ ಸುಮಾರು 686 ಚದರ ಕಿ.ಮೀ. ಅಂಚೆಟ್ಟಿ, ಉರಿಗಂ ಕಡೆಯ ಹಳ್ಳಿಗಳಿಗೆ ಈ 10 ಕಿ.ಮೀ. ಲೆಕ್ಕ ದೂರದ ಮಾತಲ್ಲ. ತಾತನ ಲೈಸೆನ್ಸ್ ಹಳೆಯದು, ಕಾಡಿನ ಹೆಸರು ಹೊಸದು. ನೋಂದಣಿ ಆಗಿದೆಯಾ ಅಂತ ಒಮ್ಮೆ ನೋಡಿಕೊಳ್ಳುವುದು ಕ್ಷೇಮ.

ಇದರ ಜೊತೆಗೆ 2016ರ ಆಯುಧ ನಿಯಮಗಳು ಬಂದ ಮೇಲೆ ಲೈಸೆನ್ಸಿಗೆ ಯುಐಎನ್ ಅನ್ನುವ ಗುರುತು ಸಂಖ್ಯೆ ಇರಲೇಬೇಕು. ಅದಿಲ್ಲದ ಪುಸ್ತಕ ಎಷ್ಟು ಹಳೆಯದಾದರೂ ಪ್ರಯೋಜನವಿಲ್ಲ. ಎರಡೂ ಕಡೆ ಜಮೀನಿರುವ ಕುಟುಂಬಗಳು ಇನ್ನೂ ಎಚ್ಚರವಾಗಿರಬೇಕು. ತಳಿ ಕಡೆ ಒಂದು ತುಂಡು, ಆನೇಕಲ್ ಕಡೆ ಒಂದು ತುಂಡು ಇರುವವರು ನಮ್ಮಲ್ಲಿ ಕಡಿಮೆಯಿಲ್ಲ. ಕೋವಿ ಯಾವ ಪ್ರದೇಶಕ್ಕೆ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಹೊಲಕ್ಕೆ ಗಡಿ ಇಲ್ಲದಿದ್ದರೂ ಕೋವಿಗೆ ಇದೆ. ರಾಜ್ಯ ಬೇರೆಯಾದರೂ ಆಯುಧ ಕಾಯ್ದೆ ಕೇಂದ್ರದ್ದು, ಅತ್ತಿಬೆಲೆಯ ಆಚೆಗೂ ಈಚೆಗೂ ಒಂದೇ.

ಕೊಡಗಿನವರಿಗೆ ಇದೆಯಲ್ಲ?

ಈ ಪ್ರಶ್ನೆ ಕೇಳದವರಿಲ್ಲ. ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ. ಗುಂಡಿನ ಕಾರ್ಖಾನೆ ಇಡಲು ಅಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವುದನ್ನು ಪೇಪರಿನಲ್ಲಿ ನೋಡಿ, ಕನ್ನಡದವರಿಗೆಲ್ಲ ಹಾಗೇ ಅಂತ ತಿಳಿದರೆ ಕಷ್ಟ.

ಕೇರಳದ್ದೂ ಹಾಗೇ. ಅಲ್ಲಿ 2022ರಿಂದ ಹಂದಿ ಕಾಟಕ್ಕೆ ಗ್ರಾಮ ಪಂಚಾಯಿತಿಯವರ ಆದೇಶದ ಮೇಲೆ ಲೈಸೆನ್ಸ್ ಇರುವ ಕೋವಿಯವರನ್ನು ಬಳಸಿಕೊಳ್ಳಲು ದಾರಿ ಮಾಡಿದ್ದಾರೆ. ತಮಿಳುನಾಡಿನದು ಬೇರೆ. 2025ರ ಜನವರಿಯಲ್ಲಿ ಇಲ್ಲಿನ ಸರ್ಕಾರ ಪ್ರಕಟಿಸಿದ ವ್ಯವಸ್ಥೆಯಲ್ಲಿ ಕಾಯ್ದಿಟ್ಟ ಕಾಡಿನ ಅಂಚಿನಿಂದ 1 ಕಿ.ಮೀ. ಒಳಗೆ ಹಂದಿಗೆ ಗುಂಡು ಹಾರಿಸುವಂತಿಲ್ಲ. 1ರಿಂದ 3 ಕಿ.ಮೀ. ನಡುವೆ ಹಿಡಿದು ಕಾಡಿಗೆ ಬಿಡಬೇಕು. 3 ಕಿ.ಮೀ. ದಾಟಿದ ಕಡೆ ಅರಣ್ಯ ಇಲಾಖೆಯ ತರಬೇತಾದ ಸಿಬ್ಬಂದಿ ಮಾತ್ರ ಹೊಡೆಯಬಹುದು. ರೈತ ಹೊಡೆಯಬಹುದು ಅಂತ ಎಲ್ಲೂ ಇಲ್ಲ. ಹಾಗಾಗಿ ಕೇಪಿನ ಕೋವಿಯ ಲೈಸೆನ್ಸ್ ಇದ್ದರೂ ಸದ್ದು ಮಾಡಿ ಓಡಿಸುವುದಕ್ಕಷ್ಟೇ ಅದು ಉಪಯೋಗ. ಸದ್ದಿಗೆ ಗುಂಡು ಯಾಕೆ ಬೇಕು?

ಹಂದಿಯ ವಿಷಯ ಹಗುರ ಅಂತಲ್ಲ. ರಾಗಿ ತೆನೆ ಕಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡು ಜವಳಗೆರೆ, ಸಾನಮಾವು ಕಾಡುಗಳಿಗೆ ಇಳಿಯುವುದು ಪ್ರತಿ ವರ್ಷದ ಪಾಡು. ಹಂದಿ, ಆನೆ ಎರಡರ ನಡುವೆ ಮಚಾನು ಕಟ್ಟಿ ರಾತ್ರಿ ಜಾಗರಣೆ ಮಾಡಿದವರಿಗೆ ಕಲಮುಗಳ ಪಾಠ ರುಚಿಸುವುದಿಲ್ಲ. ಆದರೆ ಅಡ್ಡದಾರಿಯ ಲೆಕ್ಕವೂ ಕಣ್ಣ ಮುಂದಿದೆ. ಪಕ್ಕದ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ 2023ರ ಮಾರ್ಚ್‌ನಲ್ಲಿ ಅಕ್ರಮ ವಿದ್ಯುತ್ ಬೇಲಿಗೆ ಸಿಕ್ಕಿ 3 ಹೆಣ್ಣಾನೆಗಳು ಸತ್ತವು. ಎರಡು ಮರಿಗಳು ತಾಯಿಯ ಹೆಣದ ಸುತ್ತ ಉಳಿದವು. ಹಂದಿಗೆ ಅಂತ ಇಟ್ಟದ್ದು ಹಂದಿಗೇ ಬೀಳುತ್ತದೆ ಅನ್ನುವ ಖಾತರಿ ತಂತಿಗೂ ಇಲ್ಲ, ಕತ್ತಲಲ್ಲಿ ಹಾರಿದ ಸೀಸಕ್ಕೂ ಇಲ್ಲ.

ಸೀಸ, ಶಿಸೆ, ಈಯಂ

ಕಾನೂನು ಒಂದು ಕಡೆ ಇರಲಿ. ಸೀಸವನ್ನು ಮನೆಯಲ್ಲಿ ಕರಗಿಸುವುದೇ ಬೇರೆ ಅಪಾಯ. ಕನ್ನಡದ ಸೀಸ ಮರಾಠಿಯಲ್ಲಿ ಶಿಸೆ. ತಮಿಳಿನಲ್ಲಿ ಬರೀ ‘ಈಯಂ’ ಅಂದರೆ ಸೀಸವೂ ಆಗಬಹುದು, ತವರವೂ ಆಗಬಹುದು. ರಸ ಮಾಡುವ ಈಯ ಚೊಂಬು ತವರದ್ದು, ಅದು ವೆಳ್ಳೀಯಂ. ಸೀಸ ಕಾರೀಯಂ. ಅಂಗಡಿಯಲ್ಲಿ ಈಯಂ ಅಂತ ಕೇಳಿ ತಂದವರು, ಕೊಟ್ಟವರು ಇಬ್ಬರೂ ಯಾವುದು ಅಂತ ಬಿಡಿಸಿ ಕೇಳುವುದು ಒಳ್ಳೆಯದು. ಅಡುಗೆಗೆ ಸೀಸದ ಪಾತ್ರೆ ಬಂದರೆ ಆ ಮನೆಯ ಮಕ್ಕಳಿಗೆ ವಿಷ.

ಸೀಸ 327 ಡಿಗ್ರಿಗೆ ಕರಗುತ್ತದೆ. ಸೌದೆ ಒಲೆಯಲ್ಲೇ ಆಗುವ ಕೆಲಸ. ಮೀನು ಬಲೆಯ ಗುಂಡಿಗೆ, ತೂಕದ ಬಟ್ಟಿಗೆ ಅಂತ ಕರಗಿಸುವವರೂ ಇದ್ದಾರೆ. ಮೇಲೆ ಕಟ್ಟುವ ಬೂದಿಯಂಥ ಕಿಟ್ಟವನ್ನು ಕೆರೆದು ಚೆಲ್ಲುವಾಗ ಏಳುವ ಧೂಳು ಕೈಗೆ, ಬಟ್ಟೆಗೆ, ಅಲ್ಲಿಂದ ಮಕ್ಕಳ ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ. ಇಷ್ಟು ಸೀಸ ರಕ್ತದಲ್ಲಿದ್ದರೆ ತೊಂದರೆಯಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳೆಯ ವಾಹನ ಬ್ಯಾಟರಿ ಒಡೆದು ಸೀಸ ತೆಗೆಯುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಒಳಗಿನ ಆಮ್ಲ ಸುಡುತ್ತದೆ. ಫಲಕಗಳಲ್ಲಿ ಸೇರಿಸಿದ ಲೋಹಗಳಿಂದ ವಿಷಾನಿಲ ಏಳಬಹುದು. ಅಮೆರಿಕದ ಹವ್ಯಾಸಿಗಳೇ ಬ್ಯಾಟರಿ ಸೀಸ ಮುಟ್ಟಬೇಡಿ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಕರಗಿಸಿದ ಬಾಣಲೆ, ಸೌಟನ್ನು ತೊಳೆದು ಮತ್ತೆ ಅಡುಗೆಗೆ ಇಡುವ ಅಭ್ಯಾಸವನ್ನು ಇವತ್ತೇ ಬಿಡಬೇಕು.

ಅಟ್ಟದ ಪೆಟ್ಟಿಗೆ

ಹಲವು ಮನೆಗಳಲ್ಲಿ ತಾತನ ಪೆಟ್ಟಿಗೆಯಲ್ಲಿ ಕೋವಿಯ ಜೊತೆ ಮದ್ದಿನ ಕೊಂಬು, ಕೇಪಿನ ಡಬ್ಬಿ, ಇಕ್ಕಳದಂಥ ಗುಂಡಿನ ಅಚ್ಚು ಉಳಿದಿರಬಹುದು. ತಾತ ತೀರಿಕೊಂಡ ದಿನಕ್ಕೆ ಅವರ ಹೆಸರಿನ ಲೈಸೆನ್ಸಿನ ಬಲ ಮುಗಿಯಿತು. 21ನೇ ಕಲಮಿನ ಪ್ರಕಾರ ಅಂಥ ಕೋವಿ, ಮದ್ದುಗುಂಡನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಇಡಬೇಕು. ಹಳೆಯದಲ್ವಾ, ತುಕ್ಕು ಹಿಡಿದಿದೆಯಲ್ವಾ ಅನ್ನುವ ಸಮಾಧಾನ ಸಾಲದು. ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಕೆಲಸ ಮಾಡದ ಕೋವಿಗೆ ಮಾತ್ರ. ಹೊಸೂರಿನಂಥ ಊರಿನಲ್ಲಿ ರಿಪೇರಿಯಾಗದ ಕಬ್ಬಿಣ ಯಾವುದಿದೆ ಅಂತ ಕೇಳಿದರೆ ಉತ್ತರ ಹೇಳುವುದು ಕಷ್ಟ.

ಮನೆಯ ನೆನಪಿಗೆ ಅಂತ ಉಳಿಸಿಕೊಳ್ಳಬೇಕೆನ್ನುವ ವಾರಸುದಾರರು ಕೋವಿಯನ್ನು ಠಾಣೆಯಲ್ಲಿಟ್ಟು, ಮರಣ ಪತ್ರ, ವಾರಸು ಪತ್ರ, ಉಳಿದ ಮಕ್ಕಳ ಒಪ್ಪಿಗೆಯ ಜೊತೆ ತಮ್ಮ ಹೆಸರಿನ ಲೈಸೆನ್ಸಿಗೆ ಕೃಷ್ಣಗಿರಿ ಕಲೆಕ್ಟರ್ ಕಚೇರಿಯಲ್ಲಿ ಅರ್ಜಿ ಹಾಕಬಹುದು. ಠಾಣೆಯ ವರದಿ ಬಂದ ಮೇಲೆ ತೀರ್ಮಾನ ಆಗುತ್ತದೆ. ಲೈಸೆನ್ಸ್ ಸಿಕ್ಕರೆ 2019ರ ತಿದ್ದುಪಡಿಯಿಂದ ಅವಧಿ 5 ವರ್ಷ, ಒಬ್ಬರ ಹೆಸರಿಗೆ ಹೆಚ್ಚೆಂದರೆ 2 ಕೋವಿ. ಠಾಣೆಗೆ ಕೊಡುವಾಗ ನಳಿಗೆಯ ಮೇಲಿನ ಸಂಖ್ಯೆ, ಅಚ್ಚು, ಕೊಂಬು, ಉಳಿದ ಸೀಸ ಎಲ್ಲವನ್ನೂ ಪಟ್ಟಿಯಲ್ಲಿ ಬರೆಸಿ, ದಿನಾಂಕ ಮತ್ತು ಮೊಹರು ಇರುವ ರಸೀದಿ ಪಡೆಯಬೇಕು. ಮದ್ದು ಒಳಗೇ ಉಳಿದಿರುವ ಸಂಶಯವಿದ್ದರೆ ಕೋವಿಯನ್ನು ಮುಟ್ಟದೆ ಠಾಣೆಯವರನ್ನೇ ಮನೆಗೆ ಕರೆಯುವುದು ಸರಿ.